ನೆತ್ತಿಯ ಕೂಗು

ನಮ್ಮ ಅತ್ತೆ ಕಾಶವ್ವನಿಗೆ ಬಾಯಿ ಜೋರು ಎಂದು ಊರೆಲ್ಲ ಹೇಳುತ್ತದೆ. ಜೋರು ಹೌದು, ನಾನೇನು ಇಲ್ಲ ಎನ್ನುವುದಿಲ್ಲ. ಆದರೆ ಆ ಬಾಯಿ ಅಷ್ಟು ಜೋರಿಲ್ಲದಿದ್ದರೆ ನಮ್ಮ ಗಾಣದ ಓಣಿಯಲ್ಲಿ ಇವತ್ತು ಒಬ್ಬರೂ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಆ ಬಾಯಿಗೆ ಬಟ್ಟೆ ಕಟ್ಟಿದ ಪಂಚರು ಈಗ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಜಗಿಯುತ್ತ, ಆದದ್ದೆಲ್ಲ ದೈವದ ಇಚ್ಛೆ ಎನ್ನುತ್ತಾರೆ. ಮಾಡಿದ್ದು ತಾವು, ಹೆಸರು ದೈವದ್ದು. ಕಳೆದುಕೊಂಡವಳು ನನ್ನ ಮಗಳು, ಹಾಗಾಗಿ ನಾನೇ ಹೇಳುತ್ತೇನೆ. ಸಿಟ್ಟು ಬಿಟ್ಟು ಹೇಳು ಎಂದರೆ ನನ್ನಿಂದಾಗದು.

ನಮ್ಮೂರಿನಲ್ಲಿ ಓಣಿಗೊಂದು ಗಂಟಲು, ಓಣಿಗೊಂದು ಹೊಟ್ಟೆ, ಓಣಿಗೊಂದು ಸೊಂಟ, ಓಣಿಗೊಂದು ನೆತ್ತಿ. ಬೇರೆ ಊರುಗಳಲ್ಲಿ ಪ್ರತಿಯೊಬ್ಬರ ಮೈಯೊಳಗೂ ಎಲ್ಲ ಗ್ರಂಥಿಗಳೂ ಕೆಲಸ ಮಾಡುತ್ತವಂತೆ, ಅವು ಒಸರುವುದಕ್ಕೆ ಹಾರ್ಮೋನು ಎನ್ನುತ್ತಾರಂತೆ. ಮನೆಗೊಂದು ಬಾವಿ ತೋಡಿಕೊಂಡ ಹಾಗೆ. ನಮಗೆ ಓಣಿಗೆಲ್ಲ ಒಂದೇ ಬಾವಿ. ಒಬ್ಬರ ಗ್ರಂಥಿ ಒಸರಿದರೆ ಓಣಿಯವರೆಲ್ಲರ ಮೈಗೂ ಇಳಿಯುತ್ತದೆ. ನಮ್ಮ ಓಣಿಯ ಸೊಂಟ ಎಂದರೆ ಬಳೆಗಾರ ರಾಚಪ್ಪ. ಅವನ ಮೈಯಲ್ಲಿ ಸೊಂಟದ ಮೇಲೆ ಕೂತಿರುವ ಗ್ರಂಥಿ ಬಲು ಸೂಕ್ಷ್ಮ. ಅವನ ಹೆಗಲ ಮೇಲೆ ಹಲ್ಲಿ ಬಿದ್ದರೆ ಅದೇ ಗಳಿಗೆಯಲ್ಲಿ ಓಣಿಯವರೆಲ್ಲರ ಅಂಗೈ ಬೆವರುತ್ತದೆ, ಒಲೆಯ ಮುಂದೆ ಕೂತ ಹೆಂಗಸರ ಕೈಯಿಂದ ಸೌಟು ಜಾರುತ್ತದೆ. ‘ರಾಚಪ್ಪಗ ಏನೋ ಕಂಡಿರಬೇಕು’ ಎಂದು ಸೌಟು ಎತ್ತಿಕೊಂಡು ತೊಳೆಯುತ್ತೇವೆ. ಓಣಿಯ ಹೊಟ್ಟೆ ದುಂಡವ್ವ ಆಯಿ. ಮದುವೆಯಲ್ಲಿ ಹೋಳಿಗೆ ಮಾಡಿಸುವವರು ಮೊದಲು ಆಕೆಯ ಮನೆಗೆ ಹೋಗಿ, ‘ಆಯೀ, ಮೈ ಹೆಂಗೈತಿ, ಸಿಹಿ ತಡೀತೈತೇನು’ ಎಂದು ಕೇಳಿ ಬರಬೇಕು. ಆಕೆಯ ಮೈ ಸರಿಯಿಲ್ಲದ ದಿನ ಹೋಳಿಗೆ ಉಂಡರೆ ಅಷ್ಟೂ ಸಿಹಿ ಓಣಿಯ ರಕ್ತದಲ್ಲೇ ನಿಂತು, ಎಲ್ಲರೂ ನೀರು ನೀರು ಎಂದು ಒದ್ದಾಡಬೇಕು. ಇಂಥವರಲ್ಲಿ ಒಬ್ಬರು ತೀರಿಕೊಂಡರೆ ಓಣಿಯ ಇನ್ನೊಬ್ಬರ ಮೈಯಲ್ಲಿ ಆ ಗ್ರಂಥಿ ಎಚ್ಚರವಾಗುತ್ತದೆ. ಅವರನ್ನು ಯಾರೂ ಆರಿಸುವುದಿಲ್ಲ.

ಇವೆಲ್ಲಕ್ಕೂ ಮೇಲೆ ನೆತ್ತಿ. ತಲೆಯೊಳಗೆ, ಹುಬ್ಬಿನ ಹಿಂದೆ, ಬಟಾಣಿ ಕಾಳಿನಷ್ಟು ಇರುತ್ತದಂತೆ. ಅಷ್ಟು ಸಣ್ಣದಕ್ಕೆ ಇಡೀ ಓಣಿಯ ಕಾಳಜಿ. ನಮ್ಮ ಓಣಿಯ ನೆತ್ತಿ ನನ್ನ ಅತ್ತೆ. ಓಣಿಯಲ್ಲಿ ಯಾವ ಒಸರು ಕಡಿಮೆಯಾದರೂ ಆಕೆಗೆ ಗೊತ್ತಾಗುತ್ತದೆ, ಗೊತ್ತಾದರೆ ಕೂಗಲೇಬೇಕು, ತಡೆಯಲಾಗದು. ಮೈಯ ಒಲೆ ಉರಿಸುವುದು ಗಂಟಲು. ಬಿಸಿ, ಚುರುಕು, ಕೂದಲು, ಉಗುರು, ಮಕ್ಕಳ ಬುದ್ಧಿ ಎಲ್ಲವೂ ಅದರ ಒಸರಿನಿಂದ. ಆದರೆ ನೆತ್ತಿ ಕೂಗಬೇಕು, ಗಂಟಲು ಓಗೊಡಬೇಕು. ಕೂಗದೆ ಗಂಟಲು ಒಸರದು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಬೆಳಗ್ಗೆ ಹೊಸ್ತಿಲ ಮೇಲೆ ನಿಂತು, “ಚನ್ನೀರಣ್ಣಾ, ಬೆಳಕಾತ್ರಿ” ಎಂದು ಒಂದೇ ಒಂದು ಸಲ ಕರೆಯುತ್ತಿದ್ದಳು. ಎದುರು ಮನೆಯಿಂದ ಚನವೀರಪ್ಪ, “ಓ, ಆತವಾ” ಎನ್ನುತ್ತಿದ್ದರು. ಅಷ್ಟಕ್ಕೆ ಓಣಿ ಬೆಚ್ಚಗಾಗುತ್ತಿತ್ತು. ಅಷ್ಟಾದ ಮೇಲೆ ಅತ್ತೆ ಇಡೀ ದಿನ ಆ ಹೆಸರನ್ನು ಎತ್ತುತ್ತಿರಲಿಲ್ಲ. ಆಗ ಆಕೆಗೆ ಬಾಯಿ ಜೋರು ಎಂದು ಯಾರೂ ಹೇಳಿರಲಿಲ್ಲ.

ಓಣಿಯ ಗಂಟಲಾಗಿದ್ದ ಚನವೀರಪ್ಪ ಊರಿಗೆ ದೊಡ್ಡ ಮನುಷ್ಯರು. ಬಿಳಿ ಧೋತರ, ಬಿಳಿ ಶಲ್ಯ, ಮಾತಿಗೊಂದು ವಚನ. ಪಂಚರಲ್ಲಿ ಹಿರಿಯರೂ ಅವರೇ. ಗಂಟಲಿನವರಿಗೆ ನೆತ್ತಿಯ ಮನೆಯಿಂದಲೇ ಊಟ ಹೋಗಬೇಕು ಎಂಬುದು ಹಳೆಯ ಕಟ್ಟಳೆ. ನಮ್ಮದು ರೊಟ್ಟಿಯ ಖಾನಾವಳಿ, ನಾನು ಮತ್ತು ಅತ್ತೆ ಬೆಳಗ್ಗೆಯಿಂದ ರೊಟ್ಟಿ ಬಡಿಯುತ್ತಿದ್ದೆವು, ಅವರ ತಾಟು ಮೊದಲು ಹೋಗುತ್ತಿತ್ತು. ಅವರ ಊಟಕ್ಕೆ ಪಾಕೀಟಿನ ಉಪ್ಪು ಅಳತೆ ತಪ್ಪದೆ ಹಾಕಬೇಕು ಎಂದು ಅತ್ತೆಗೆ ಅವಳ ಅತ್ತೆ ಹೇಳಿಕೊಟ್ಟಿದ್ದಳು. ಆ ಉಪ್ಪಿನಲ್ಲಿ ಬೆರೆಸಿರುವ ಅಯೋಡಿನ್ ಎಂಬ ಸತ್ವದಿಂದಲೇ ಗಂಟಲು ತನ್ನ ಒಸರು ಕಟ್ಟಿಕೊಳ್ಳುವುದು. ಆ ಸತ್ವ ಇಲ್ಲದಿದ್ದರೆ, ಹಿಟ್ಟಿಲ್ಲದೆ ರೊಟ್ಟಿ ಬಡಿ ಎಂದ ಹಾಗೆ.

ಅರವತ್ತು ತುಂಬಿದ ದಿನ ಚನವೀರಪ್ಪ ವ್ರತ ಹಿಡಿದರು. ಕಾರಖಾನೆಯಲ್ಲಿ ಯಾರ ಯಾರ ಕೈ ಹಾದು ಬಂದ ಉಪ್ಪೋ ಏನೋ, ಇನ್ನು ಮೇಲೆ ಅದನ್ನು ಮುಟ್ಟುವುದಿಲ್ಲ, ಶುದ್ಧವಾದ ಸೈಂಧವ ಲವಣ ಒಂದೇ ಸಾಕು ಎಂದರು. ಜನ ಕಾಲಿಗೆ ಬಿದ್ದರು. ಅತ್ತೆ ಒಬ್ಬಳೇ ಎದ್ದು ನಿಂತಳು.

“ಅಣ್ಣಾರ, ಸೈಂಧವದಾಗ ಆ ಸತ್ವ ಇಲ್ರಿ. ನಿಮ್ಮ ಗಂಟಲ ನಿಮ್ಮೊಬ್ಬರದಲ್ಲ, ಓಣೀದು.”

“ಕಾಶವ್ವಾ, ನಾಲಿಗಿ ಗೆದ್ದಾಂವ ಲೋಕಾನ ಗೆದ್ದಾಂವ,” ಎಂದರು ಚನವೀರಪ್ಪ ನಗುತ್ತ. “ನನ್ನ ವ್ರತದ ಪುಣ್ಯ ಓಣಿಗೇ ಬರ್ತದ ಬಿಡು.”

ಬಂತು, ಚೆನ್ನಾಗಿಯೇ ಬಂತು. ತಿಂಗಳುಗಳು ಕಳೆದಂತೆ ಓಣಿ ತಣ್ಣಗಾಯಿತು. ಬೇಸಿಗೆಯಲ್ಲೂ ಜನ ಕಂಬಳಿ ಹೊದ್ದು ಕಟ್ಟೆಗೆ ಬಂದರು. ಬಾಚಣಿಗೆ ಹಾಕಿದರೆ ಕೂದಲು ಹಿಡಿಯಾಗಿ ಬರುತ್ತಿತ್ತು. ಮುಖ ಬಾತವು, ಧ್ವನಿ ಒಡಕಾದವು, ಎಂಟು ದಿನಕ್ಕೊಮ್ಮೆ ಹೊಟ್ಟೆ ಖಾಲಿಯಾದರೆ ಪುಣ್ಯ. ನನ್ನ ಗಂಡ ಸಂಗನಬಸು ಅಂಗಡಿಗೆಂದು ಹೊರಟು, ಏನು ತರಬೇಕು ಎಂಬುದನ್ನು ಮರೆತು, ಅಲ್ಲೇ ಕಂಬಕ್ಕೆ ಒರಗಿ ನಿಂತಿರುತ್ತಿದ್ದ. ಒಂದು ರೊಟ್ಟಿ ಬಡಿಯುವಷ್ಟರಲ್ಲಿ ನನಗೆ ತೂಕಡಿಕೆ. ಬೇರೆ ಓಣಿಗಳಿಂದ ಖಾನಾವಳಿಗೆ ಬರುತ್ತಿದ್ದವರು ಹಸಿದು ಹಸಿದು ಎದ್ದು ಹೋದರು. ಆದರೆ ಓಣಿಯ ಜನ ಅದಕ್ಕೆ ಏನು ಹೆಸರಿಟ್ಟರು ಗೊತ್ತೇ? ಶಾಂತಿ. ಜಗಳವಿಲ್ಲ, ಅವಸರವಿಲ್ಲ, ಅತಿಯಾಸೆಯಿಲ್ಲ, ಎಲ್ಲ ಚನವೀರಪ್ಪನವರ ವ್ರತದ ಪ್ರಭಾವ ಎಂದರು. ಜಗಳವಾಡಲು ಮೈಯಲ್ಲಿ ಕಸುವು ಬೇಕಲ್ಲ!

ಅತ್ತೆಗೆ ಮಾತ್ರ ಶಾಂತಿ ಸಿಗಲಿಲ್ಲ. ಆಕೆಯ ಕಾಲೂ ಬಾತಿತ್ತು, ಆಕೆಯೂ ಕಂಬಳಿ ಹೊದ್ದೇ ಕೂರುತ್ತಿದ್ದಳು. ಆದರೆ ಓಣಿ ತಣ್ಣಗಾದಷ್ಟೂ ನೆತ್ತಿಗೆ ಉರಿ ಜಾಸ್ತಿ. ಬೆಳಗ್ಗೆ ಒಂದು ಸಲ ಕರೆಯುತ್ತಿದ್ದವಳು ಮಧ್ಯಾಹ್ನವೂ ಕರೆದಳು, ಸಂಜೆಯೂ ಕರೆದಳು, ಆಮೇಲೆ ಹೊತ್ತುಗೊತ್ತು ಉಳಿಯಲಿಲ್ಲ. “ಚನ್ನೀರಣ್ಣಾ, ಬೆಳಕಾತ್ರಿ! ಚನ್ನೀರಣ್ಣಾ, ಉಪ್ಪ ತಿನ್ರಿ!” ಅತ್ತ ಚನವೀರಪ್ಪನವರ ಗಂಟಲು ಆ ಕೂಗಿಗೆ ಓಗೊಡಲು ಹೆಣಗಿತು. ಸತ್ವವಿಲ್ಲದೆ ಏನು ಒಸರೀತು? ಹೆಣಗಿ ಹೆಣಗಿ ಊದಿಕೊಂಡಿತು. ಮೊದಲು ನಿಂಬೆಹಣ್ಣಿನಷ್ಟು, ಆಮೇಲೆ ಬದನೆಕಾಯಿಯಷ್ಟು. ‘ಗಂಟಲ ಬೆಳೀತು, ಓಣಿ ಭಾಗ್ಯ ಬೆಳೀತು’ ಎಂದು ಜನ ಆ ಗಡ್ಡೆಗೆ ವಿಭೂತಿ ಹಚ್ಚಿ ಹೂವಿನ ಮಾಲೆ ಹಾಕಿದರು. ಬಸುರಿಯಾಗಿದ್ದ ನನ್ನನ್ನೂ ಕರೆದುಕೊಂಡು ಹೋಗಿ ಮುಟ್ಟಿಸಿ ಕೈಮುಗಿಸಿದರು.

ಅಂಥ ಕಾಲದಲ್ಲಿ ನನ್ನ ಮಗಳು ಹುಟ್ಟಿದಳು. ಹುಟ್ಟಿದಾಗ ಒಂದಿಷ್ಟು ಗೊರಗೊರ ಎಂದಳು, ಆಮೇಲೆ ನಿದ್ದೆ. ಹಾಲಿಗೂ ಏಳದಷ್ಟು ನಿದ್ದೆ. ನೋಡಲು ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. ‘ಎಂಥಾ ಶಾಣ್ಯಾ ಕೂಸು, ಬಾಣಂತಿಗೆ ಒಂದೀಟೂ ತ್ರಾಸಿಲ್ಲ.’ ‘ಹೆಣ್ಣ ಕೂಸಂದ್ರ ಹಿಂಗಿರಬೇಕು, ಬಾಯೇ ಇಲ್ಲ.’ ನಾನೂ ಅರೆನಿದ್ದೆಯಲ್ಲಿ ನಕ್ಕು ತಲೆಯಾಡಿಸುತ್ತಿದ್ದೆ. ಅತ್ತೆ ಮಾತ್ರ ಕೂಸನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಮೈ ತಣ್ಣಗೆ, ಚರ್ಮ ಹಳದಿ, ಹೊಕ್ಕಳು ಉಬ್ಬಿದೆ, ನಾಲಿಗೆ ದಪ್ಪವಾಗಿ ತುಟಿಯಾಚೆ ಬಂದಿದೆ.

“ನಿಂಬೆವ್ವಾ, ಅಳದ ಕೂಸು ಶಾಣ್ಯಾ ಕೂಸಲ್ಲ,” ಎಂದಳು. “ಇದರ ತಲಿಯಾಗ ಒಲೀನ ಹತ್ತಿಲ್ಲ. ದೊಡ್ಡೋರಿಗೆ ಬಿಸಿ ತಡಾ ಆದ್ರ ಮೈ ಬಾಯ್ತದ, ಮತ್ತ ಇಳೀತದ. ಕೂಸಿಗೆ ಈಗ ಹೋದ ದಿನಾ ಹೊಳ್ಳಿ ಬರೂದಿಲ್ಲ.”

ಅವತ್ತಿನಿಂದ ಆಕೆಯ ಕೂಗಿಗೆ ಮಿತಿಯೇ ಇಲ್ಲವಾಯಿತು. ಸೆರಗು ಬಿಗಿದುಕೊಂಡು ಚನವೀರಪ್ಪನವರ ಬಾಗಿಲಿಗೇ ಹೋಗಿ ಕೂಗಿದಳು. ಪಾಕೀಟಿನ ಉಪ್ಪನ್ನು ಬೊಗಸೆಯಲ್ಲಿ ಹಿಡಿದು ಅವರ ಕಾಲ ಬುಡದಲ್ಲಿ ಇಟ್ಟು, “ನನ್ನ ಮೊಮ್ಮಗಳ ಸಲುವಾಗಿ ಒಂದ ತುತ್ತ ಉಣ್ರಿ” ಎಂದು ಅತ್ತಳು. ಅವರು ಅದನ್ನು ದಾಟಿಕೊಂಡು ಪೂಜೆಗೆ ಹೋದರು.

ಪಂಚರು ಸೇರಿದ್ದು ಆಮೇಲೆ. ಎಲ್ಲರೂ ಬಂದು ಕೂರುವಷ್ಟರಲ್ಲೇ ಅರ್ಧ ದಿನ ಹೋಯಿತು. ಅವರಲ್ಲಿ ಲೆಕ್ಕಪಕ್ಕ ಬಲ್ಲವರೆಂದರೆ ಗುರುಶಾಂತ ಮಾಸ್ತರು, ಸಾಲೆಯಿಂದ ನಿವೃತ್ತರಾದವರು. ಅವರು ನಿಧಾನವಾಗಿ ಎದ್ದು ನಿಂತರು.

“ಮೊದಲ ಆಕಿ ಮುಂಜಾನಿಗೊಮ್ಮೆ ಕೂಗ್ತಿದ್ಲು. ಆವಾಗ ಓಣಿ ಛಲೋ ಇತ್ತು. ಈಗ ಹೊತ್ತು ಹೊತ್ತಿಗೂ ಕೂಗ್ತಾಳ. ಈಗ ಓಣಿಗೆ ಜಡ್ಡು. ಹಂಗಾದ್ರ ಹೆಚ್ಚಾಗಿದ್ದು ಯಾವುದು? ಕೂಗು. ಹೆಚ್ಚಾಗಿದ್ದನ್ನ ಇಳಿಸಿದ್ರ ಜಡ್ಡು ಇಳೀತದ. ಇದು ಲೆಕ್ಕ.”

“ಮಾಸ್ತರ, ಮನಿಗೆ ಬೆಂಕಿ ಬಿದ್ದಾಗ ಕೂಗೋರು ಹೆಚ್ಚಾಗ್ತಾರ,” ಎಂದಳು ಅತ್ತೆ. “ಕೂಗೋರ ಬಾಯಿ ಕಟ್ಟಿದ್ರ ಬೆಂಕಿ ಆರ್ತದೇನ್ರಿ? ನಾ ಕೂಗೂದು ಹೆಚ್ಚಾಗೇತಂದ್ರ ಗಂಟಲ ಕಡಿಮಿ ಬಿದ್ದೈತಿ. ಅವರನ್ನ ನೋಡ್ರಿ, ನನ್ನ ನೋಡ್ಬ್ಯಾಡ್ರಿ.”

ಚನವೀರಪ್ಪನವರನ್ನು ನೋಡುವುದೇ? ಅಷ್ಟು ದೊಡ್ಡ ಗಂಟಲನ್ನು ಕಡಿಮೆ ಎನ್ನುವುದೇ? ಕಣ್ಣಿಗೆ ಕಾಣುವಷ್ಟು ಬೆಳೆದು ನಿಂತಿದೆ, ಮಾಲೆ ಬೇರೆ ಹಾಕಿದೆ. ಪಂಚರು ನಕ್ಕರು. ಸೊಸೆ ಬಂದ ಮೇಲೆ ಅತ್ತೆಯ ಬಾಯಿ ಬೆಳೆಯುವುದು ಲೋಕಾರೂಢಿ, ಪಾಪ, ಹಸಿ ಬಾಣಂತಿ ಆ ಹುಡುಗಿ ಎಷ್ಟೆಂದು ತಾಳಿಕೊಂಡಾಳು ಎಂದು ನನ್ನ ಮೇಲೆ ಕರುಣೆ ತೋರಿಸಿದರು. ಅವರ ತೀರ್ಮಾನದಲ್ಲಿ ನನ್ನ ಹೆಸರನ್ನೂ ಸೇರಿಸಿದ್ದು ಹೀಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಆ ಗಾದೆ ಮಾಡಿದವರು ನಮ್ಮ ಓಣಿಯನ್ನು ನೋಡಿಯೇ ಮಾಡಿರಬೇಕು. ‘ಮಾತು ಬೆಳ್ಳಿ, ಮೌನ ಬಂಗಾರ’ ಎಂದು ಹೇಳಿ ಮಾಸ್ತರು ಚನವೀರಪ್ಪನವರ ಶಲ್ಯವನ್ನೇ ಇಸಿದುಕೊಂಡು ಅತ್ತೆಯ ಬಾಯಿಗೆ ಕಟ್ಟಿದರು. ಊಟದ ಹೊತ್ತಿಗೆ ಪಂಚರ ಮನೆಯ ಹೆಂಗಸೊಬ್ಬಳು ಬಂದು ಬಿಚ್ಚಬೇಕು, ಎದುರಿಗೆ ಕೂತು ಉಣ್ಣಿಸಿ ಮತ್ತೆ ಕಟ್ಟಬೇಕು. ನಡುವೆ ಯಾರೇ ಬಟ್ಟೆ ಬಿಚ್ಚಿದರೂ ಮಗ, ಸೊಸೆ, ಕೂಸು ಎಲ್ಲರನ್ನೂ ಓಣಿಯಿಂದ ಹೊರಗೆ ಹಾಕುವುದು. ಯಾವ ಓಣಿಗೂ ಸೇರದವರ ಮೈಗೆ ಯಾರ ಒಸರೂ ಇಳಿಯದು, ಅವರ ಗತಿ ಏನೆಂದು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು. ಕೂಸಿನ ಹೆಸರು ಕೇಳಿದ ಮೇಲೆ ಅತ್ತೆ ತಾನೇ ಮುಖ ಮುಂದೆ ಮಾಡಿದಳು.

ನಾನು ಬಾಗಿಲಲ್ಲೇ ನಿಂತಿದ್ದೆ. ‘ಬ್ಯಾಡ್ರಿ, ಆಕಿ ನನ್ನ ಸಲುವಾಗೇ ಕೂಗ್ತಾಳ್ರಿ’ ಎನ್ನಬೇಕೆಂದು ಬಾಯಿ ತೆರೆದೆ. ಆ ಮೊದಲ ಮಾತು ನನ್ನ ಮಂದವಾದ ನಾಲಿಗೆ ದಾಟಿ ಹೊರಗೆ ಬೀಳುವ ಹೊತ್ತಿಗೆ ಪಂಚರು ಎದ್ದು ಮನೆ ಸೇರಿದ್ದರು. ಖಾಲಿ ಕಟ್ಟೆಗೆ ನಾನು ‘ಬ್ಯಾಡ್ರಿ’ ಎಂದೆ.

ಕೂಗು ನಿಂತಿತು. ಹೆಣಗಿಸುವವರಿಲ್ಲದೆ ಚನವೀರಪ್ಪನವರ ಗಂಟಲೂ ಹೆಣಗುವುದನ್ನು ಬಿಟ್ಟಿತು, ಗಡ್ಡೆ ಒಂದಿಷ್ಟು ಇಳಿಯಿತು. “ನೋಡ್ರಿ, ಲೆಕ್ಕ ಹೆಂಗ ಕೂಡ್ತು,” ಎಂದರು ಮಾಸ್ತರು. ಅಲ್ಪಸ್ವಲ್ಪ ಒಸರುತ್ತಿದ್ದದ್ದೂ ನಿಂತುಹೋಗಿದೆ ಎಂದು ಹೇಳುವವಳ ಬಾಯಲ್ಲಿ ಶಲ್ಯ ಇತ್ತು. ನೆತ್ತಿ ಕರೆಯುತ್ತಿದ್ದದ್ದು ಗಂಟಲೊಂದನ್ನೇ ಅಲ್ಲ. ಬಾಣಂತಿಯರ ಎದೆಗೆ ಹಾಲು ಕರೆಯುವುದೂ ಅದೇ. ಆಕೆ ಕೂಸಿಗೆ ಲಾಲಿ ಹಾಡುತ್ತಿದ್ದಾಗ ನನ್ನ ಕುಪ್ಪಸ ತೋಯುತ್ತಿದ್ದುದು ಅದಕ್ಕೇ. ಈಗ ಲಾಲಿಯೂ ಇಲ್ಲ. ಕೆಲವೇ ದಿನಗಳಲ್ಲಿ ನನ್ನ ಎದೆ ಬತ್ತಿತು. ಕೂಸು ಅದಕ್ಕೂ ಅಳಲಿಲ್ಲ. ಅತ್ತೆ ಕೂಸನ್ನು ನನ್ನ ಮಡಿಲಿಗಿಟ್ಟು, ನನ್ನ ಹೆಗಲು ಹಿಡಿದು ಎಬ್ಬಿಸಿ, ನನ್ನ ತವರಿನ ಓಣಿಯ ದಿಕ್ಕಿಗೆ ಕೈ ತೋರಿಸಿದಳು. ಅಲ್ಲಿ ನನ್ನ ಅಣ್ಣನ ಹೆಂಡತಿ ಹೆತ್ತು ಮನೆಯಲ್ಲಿದ್ದಳು.

ತವರು ಅಂಥ ದೂರವೇನಲ್ಲ, ಊರಿನ ಇನ್ನೊಂದು ತುದಿ. ಹೋಗಲು ನನಗೆ ಇಡೀ ದಿನ ಹಿಡಿಯಿತು. ಅಲ್ಲಿಯ ಗಂಟಲು ಚುರುಕಿನ ಹೆಂಗಸು. ಸೊಂಟದ ಒಸರು ಮಿಂಚಿನ ಹಾಗೆ ಬಂದು ಹೋಗುತ್ತದೆ, ಗಂಟಲಿನದು ಹಾಗಲ್ಲ, ಹತ್ತುವುದೂ ನಿಧಾನ, ಇಳಿಯುವುದೂ ನಿಧಾನ. ಮೊದಲು ನನ್ನ ಪಾದ ಬೆಚ್ಚಗಾಯಿತು. ಆಮೇಲೆ ಹಸಿವಾಯಿತು. ಆಮೇಲೊಂದು ದಿನ ಅತ್ತಿಗೆಯ ಮಡಿಲಲ್ಲಿ ನನ್ನ ಮಗಳು ಕಣ್ಣು ತೆರೆದು, ಮುಷ್ಟಿ ಬಿಗಿದು, ಕೆಂಪಾಗಿ ಅತ್ತಳು. ಹೊಟ್ಟೆಯಲ್ಲಿ ಹುಟ್ಟಿದ ಕೂಸಿನ ಅಳುವನ್ನು ನಾನು ಮೊದಲ ಸಲ ಕೇಳಿದ್ದು ಅದು. ಕೇಳಿದ ಕೂಡಲೇ ನನಗೆ ಎಲ್ಲವೂ ತಿಳಿಯಿತು. ಅಷ್ಟು ತಿಂಗಳ ಮೇಲೆ ಮೊದಲ ಸಲ ಸಿಟ್ಟು ಬಂತು, ಅದು ಇನ್ನೂ ಇಳಿದಿಲ್ಲ.

ತವರಿನಲ್ಲೇ ಉಳಿಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅಲ್ಲಿಯ ಪಂಚರು ಬಂದು, “ನಿಮ್ಮ ಓಣಿಗೆ ನಮ್ಮ ಗಂಟಲ ಎಷ್ಟ ದಿನ ಒಸರಬೇಕವಾ?” ಎಂದು ಕೇಳಿ ಹೋಗಿದ್ದರು. ಅದೂ ಇರಲಿ. ಅಲ್ಲಿ ಅತ್ತೆ ಬಾಯಿ ಕಟ್ಟಿಸಿಕೊಂಡು ಕೂತಿರುವಾಗ ನಾನು ಇಲ್ಲಿ ಬೆಚ್ಚಗೆ ಕೂರುವುದಾದರೂ ಹೇಗೆ? ಮೈಯಲ್ಲಿ ಬಿಸಿ ಇರುವಾಗಲೇ ಕೂಸನ್ನು ಕಟ್ಟಿಕೊಂಡು ಹೊರಟೆ. ಹೋಗುವಾಗ ಇಡೀ ದಿನ ಹಿಡಿದ ದಾರಿಯನ್ನು ಬರುವಾಗ ಅಡುಗೆ ಬೇಯುವಷ್ಟರಲ್ಲಿ ಮುಗಿಸಿದೆ.

ಮನೆಗೆ ಬಂದು ಮೊದಲು ಮಾಡಿದ್ದು ಚನವೀರಪ್ಪನವರ ಊಟ. ಸೈಂಧವದ ಡಬ್ಬಿಯನ್ನು ಹಿತ್ತಲಲ್ಲಿ ಸುರುವಿ, ಅದರ ತುಂಬ ಪಾಕೀಟಿನ ಉಪ್ಪು ತುಂಬಿದೆ. ಪುಂಡಿಪಲ್ಯಕ್ಕೆ ಅದೇ, ಮಜ್ಜಿಗೆಗೆ ಅದೇ. ಒಬ್ಬರ ವ್ರತ ಕೆಡಿಸಿದ ಪಾಪ ನನ್ನದು ಎನ್ನುವವರು ಎನ್ನಲಿ, ಆ ಪಾಪವನ್ನು ಅಳೆಯುವ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ನನ್ನ ಮಗಳನ್ನು ಕೂರಿಸಿ ಅಳೆಯಲಿ. ತಾಟು ತರಲು ಹೋದಾಗ ಚನವೀರಪ್ಪ ನಿದ್ದೆಗಣ್ಣಲ್ಲಿ, “ಇತ್ತಿತ್ಲಾಗ ನಿನ್ನ ಕೈ ರುಚಿ ಆಗೈತಿ ನಿಂಬೆವ್ವಾ” ಎಂದರು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ. ನಾನು ಹೂಂ ಎಂದು ತಾಟು ಎತ್ತಿಕೊಂಡು ಬಂದೆ.

ಉಪ್ಪು ಒಂದೇ ಸಾಲದು, ಕೂಗೂ ಬೇಕು. ಒಂದು ಬೆಳಗ್ಗೆ ಅತ್ತೆಯ ಹಿಂದೆ ಕೂತು ಶಲ್ಯದ ಗಂಟಿಗೆ ಕೈ ಹಾಕಿದೆ. ಆಕೆ ನನ್ನ ಕೈ ಹಿಡಿದು, ಬೇಡ ಎಂದು ತಲೆಯಾಡಿಸಿ, ತೊಟ್ಟಿಲ ಕಡೆ ನೋಡಿದಳು. ನನ್ನ ಮೈಯ ಬಿಸಿ ಇಳಿಯಲು ಶುರುವಾಗಿತ್ತು, ತೊಟ್ಟಿಲಲ್ಲಿ ಕೂಸು ಮತ್ತೆ ತಣ್ಣಗಾಗುತ್ತಿತ್ತು.

“ಅತ್ತೀ, ಕೂಸಿನ ಸಲುವಾಗಿ ಕಟ್ಟಿಸ್ಕೊಂಡ್ರಿ,” ಎಂದೆ. “ಕೂಸಿನ ಸಲುವಾಗೇ ಬಿಚ್ರಿ. ಅಲ್ಲಿ ಅತ್ತಾಳ್ರಿ ಆಕಿ. ನಾ ಕೇಳೇನಿ.”

ಆಕೆ ಕೈ ಬಿಟ್ಟಳು. ಬಟ್ಟೆಯ ಗುರುತು ಎರಡು ಕೆನ್ನೆಯಲ್ಲೂ ಕೆಂಪಗೆ ಕೂತಿತ್ತು. ಹೊಸ್ತಿಲವರೆಗೆ ಗೋಡೆ ಹಿಡಿದು ನಡೆದಳು. ಮೊದಲ ಸಲ ಬಾಯಿ ತೆರೆದರೆ ಗಾಳಿ ಬಂತು, ಮಾತು ಬರಲಿಲ್ಲ. ನಾನು ನೀರು ಕುಡಿಸಿದೆ. ಆಮೇಲೆ ಕೂಗಿದಳು ನೋಡಿ. ಅಷ್ಟು ದಿನ ಒಳಗೆ ಕಟ್ಟಿದ್ದೆಲ್ಲ ಒಟ್ಟಿಗೇ ಬಂತು. “ಚನ್ನೀರಣ್ಣಾ! ಬೆಳಕಾತ್ರೀ!”

ಎದುರು ಮನೆಯಿಂದ ಎಷ್ಟೋ ಹೊತ್ತಿನ ಮೇಲೆ, ಬಾವಿಯೊಳಗಿಂದ ಬಂದ ಹಾಗೆ, “ಓ” ಎಂದು ಕೇಳಿಸಿತು.

ಮಾಸ್ತರು ತಡೆಯಲು ಬರಲಿಲ್ಲವೇ? ಬಂದರು. ಮೊದಲ ದಿನ ಹೊದಿಕೆಯೊಳಗಿಂದಲೇ, “ಯಾರದು, ಬಟ್ಟಿ ಬಿಚ್ಚಿದವರು” ಎಂದು ಗದರಿದರು. ಮರುದಿನ ಎದ್ದು ಕೂತು ಚಪ್ಪಲಿ ಹುಡುಕಿದರು. ಅವರು ಕೋಲು ಊರಿಕೊಂಡು ನಮ್ಮ ಬಾಗಿಲಿಗೆ ಬಂದು ನಿಲ್ಲುವ ಹೊತ್ತಿಗೆ ಓಣಿಗೆ ಒಸರು ಹತ್ತತೊಡಗಿತ್ತು, ಅವರ ಕೆನ್ನೆಗೂ ಬಣ್ಣ ಬಂದಿತ್ತು. ಏನು ಹೇಳಲು ಬಂದಿದ್ದೆ ಎಂದು ಒಂದು ಗಳಿಗೆ ಯೋಚಿಸಿ, “ಬಿಸಿ ರೊಟ್ಟಿ ಐತೇನವಾ? ಹಸಿವ್ಯಾಗೈತಿ,” ಎಂದರು. ಅತ್ತೆ ಎರಡು ರೊಟ್ಟಿ, ಶೇಂಗಾ ಚಟ್ನಿ ಹಾಕಿ ಕೊಟ್ಟಳು. ನಾನಾಗಿದ್ದರೆ ಹಂಚಿನ ಮಸಿ ಕೊಡುತ್ತಿದ್ದೆ.

ಓಣಿ ಎದ್ದಿತು. ಕಂಬಳಿಗಳು ಒಳಗೆ ಹೋದವು. ನನ್ನ ಗಂಡ ಅಂಗಡಿಗೆ ಹೋಗಿ, ಹೇಳಿದ್ದನ್ನೆಲ್ಲ ತಂದ. ಅತ್ತೆಯ ಲಾಲಿಗೆ ನನ್ನ ಎದೆಗೆ ಹಾಲು ಇಳಿಯಿತು. ಅತ್ತೆಯ ಕೂಗು ದಿನದಿಂದ ದಿನಕ್ಕೆ ತಾನಾಗಿಯೇ ಇಳಿದು ಮತ್ತೆ ಬೆಳಗಿನ ಒಂದೇ ಕರೆಗೆ ಬಂದು ನಿಂತಿತು. ಯಾರೂ ಬಾಯಿ ಕಟ್ಟಬೇಕಾಗಲಿಲ್ಲ. ನನ್ನ ಮಗಳು ಅಳಲು ಶುರುಮಾಡಿದಳು, ಹಗಲೂ ಅಳು, ಸಂಜೆಯೂ ಅಳು. ನಮಗೆ ಹಬ್ಬ. ಎದ್ದು ಕೂತ ಓಣಿಯ ಮೊದಲ ಮಾತು ಏನು? ‘ಏನವಾ ನಿಂಬೆವ್ವಾ, ಕೂಸಿನ ಬಾಯಿ ಮುಚ್ಚಸ, ಮಂದಿ ಮಲಗಬ್ಯಾಡೇನು?’

ಇಷ್ಟೆಲ್ಲ ಆದ ಮೇಲೆ ಕೀರ್ತಿ ಯಾರಿಗೆ ಹೋಯಿತು ಎಂದು ಬೇರೆ ಹೇಳಬೇಕೇ? ಚನವೀರಪ್ಪನವರ ವ್ರತ ಫಲಿಸಿತು ಎಂದರು. ಅವರೂ ಇಲ್ಲ ಎನ್ನಲಿಲ್ಲ. ವ್ರತ ಹಿಡಿದು ಎರಡು ವರ್ಷ ತುಂಬಿದ ದಿನ ಕಟ್ಟೆಯ ಮೇಲೆ ಸನ್ಮಾನ, ಇಡೀ ಓಣಿಗೆ ಊಟ ಎಂದು ಗೊತ್ತುಮಾಡಿದರು. ಅಡುಗೆ ನಮ್ಮ ಖಾನಾವಳಿಯದು. ಮಾಸ್ತರೇ ಬಂದು ಹೇಳಿ ಹೋದರು, ಒಂದಿಷ್ಟೂ ನಾಚಿಕೆಯಿಲ್ಲದೆ.

ಆಗ ನನ್ನ ಮಗಳಿಗೆ ವರ್ಷ ದಾಟಿತ್ತು. ಅತ್ತಿಗೆಯ ಕೂಸು ಅಂಗಳದಲ್ಲಿ ಓಡಾಡಿ ಕೋಳಿ ಅಟ್ಟುತ್ತಿತ್ತು. ನನ್ನ ನೀಲವ್ವ ಗೋಡೆಗೆ ಒರಗಿಸಿದರೆ ಕೂರುತ್ತಿದ್ದಳು, ಇಲ್ಲದಿದ್ದರೆ ಪಕ್ಕಕ್ಕೆ ವಾಲುತ್ತಿದ್ದಳು. ಹೆಸರು ಕರೆದರೆ ಒಂದೊಂದು ಸಲ ತಿರುಗಿ ನೋಡುತ್ತಿದ್ದಳು, ಒಂದೊಂದು ಸಲ ಇಲ್ಲ. ನಗು ಮಾತ್ರ ಬಹಳ ಚೆಂದ. ಹೋದ ದಿನ ಹೊಳ್ಳಿ ಬರುವುದಿಲ್ಲ ಎಂದು ಅತ್ತೆ ಮೊದಲೇ ಹೇಳಿದ್ದಳಲ್ಲ, ಬರಲಿಲ್ಲ.

ಸನ್ಮಾನದ ಹಿಂದಿನ ದಿನ ಅತ್ತೆ ಒಲೆಯ ಮುಂದೆ ಕೂತು ನನ್ನನ್ನು ಕೇಳಿದಳು, “ಕದ್ದು ಉಪ್ಪ ಹಾಕೂದು ಎಷ್ಟ ದಿನಾ? ನಾ ಸತ್ತ ಮ್ಯಾಲೆ? ನೀ ಸತ್ತ ಮ್ಯಾಲೆ? ಇನ್ನೊಬ್ಬಾಕಿ ಬಸುರಿ ಆದ್ರ?” ನಾನು ಒಲೆಗೆ ಕಟ್ಟಿಗೆ ಸರಿಸಿದೆ. “ನಾಳಿ ಅಡಗಿ ನಾ ಒಬ್ಬಾಕಿನ ಮಾಡ್ತೇನಿ, ನೀ ಕೂಸನ್ನ ನೋಡ್ಕೊ,” ಎಂದಳು.

ಮರುದಿನ ಮಧ್ಯಾಹ್ನ ಓಣಿಯುದ್ದಕ್ಕೂ ಎಲೆ ಹಾಸಿದರು. ಚನವೀರಪ್ಪ ನಡುವೆ, ಹೊಸ ಶಲ್ಯ ಹೊದ್ದು, ಮಾಲೆ ಹಾಕಿಕೊಂಡು. ಮಾಸ್ತರು ವ್ರತದ ಮಹಿಮೆ ಕೊಂಡಾಡಿದರು. ಗೋಧಿ ಹುಗ್ಗಿ, ಬದನೆಕಾಯಿ ಪಲ್ಯ, ಅನ್ನ, ಸಾರು ಬಡಿಸಿದೆವು. ಮೊದಲ ತುತ್ತು ಬಾಯಿಗಿಟ್ಟವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಲ್ಯಕ್ಕೆ ಉಪ್ಪಿಲ್ಲ. ಸಾರಿಗೆ ಉಪ್ಪಿಲ್ಲ. ಮಜ್ಜಿಗೆಗೂ ಇಲ್ಲ. ಉಪ್ಪಿನ ವ್ರತದ ಊಟದಲ್ಲಿ ಉಪ್ಪು ಕೇಳುವುದು ಹೇಗೆ ಎಂದು ಎಲ್ಲರೂ ತಲೆ ತಗ್ಗಿಸಿ ಜಗಿದರು. ಅತ್ತೆ ದೂರದಲ್ಲಿ ಕಂಬಕ್ಕೆ ಒರಗಿ, ನನ್ನ ಮಗಳನ್ನು ಸೊಂಟದ ಮೇಲೆ ಇಟ್ಟುಕೊಂಡು ನಿಂತಿದ್ದಳು.

ಚನವೀರಪ್ಪ ಎರಡನೆಯ ತುತ್ತು ನುಂಗಲಿಲ್ಲ. ನಮ್ಮ ಮನೆಯ ಉಪ್ಪಿಗೆ ಅವರ ನಾಲಿಗೆ ಒಗ್ಗಿಹೋಗಿತ್ತು.

“ಕಾಶವ್ವಾ, ಉಪ್ಪು,” ಎಂದರು ಮೆಲ್ಲಗೆ.

ಅತ್ತೆ ಅಲುಗಲಿಲ್ಲ.

“ಕಾಶವ್ವಾ, ಉಪ್ಪ ತಾ.”

“ಕೇಳ್ಸಲಿಲ್ರಿ,” ಎಂದಳು ಅತ್ತೆ.

ಚನವೀರಪ್ಪ ಗಂಟಲು ಏರಿಸಿದರು. ಆ ಗಂಟಲಿಗೆ ಅಷ್ಟು ಜೋರು ಇದೆಯೆಂದು ನಮಗೆ ಗೊತ್ತೇ ಇರಲಿಲ್ಲ. “ಕಾಶವ್ವಾ! ಉಪ್ಪು! ಉಪ್ಪ ತಾರವಾ!” ಸೊಂಟದ ಮೇಲಿದ್ದ ನೀಲವ್ವ ಬೆಚ್ಚಿ ಅಳತೊಡಗಿದಳು. ಇಡೀ ಓಣಿ ಎತ್ತಿದ ತುತ್ತನ್ನು ಕೈಯಲ್ಲೇ ಹಿಡಿದು ಕೂತಿತು.

ಆಗ ಅತ್ತೆ ನಡೆದು ಬಂದಳು. ಸೆರಗಿನಿಂದ ಪಾಕೀಟು ತೆಗೆದು, ಎಲ್ಲರಿಗೂ ಕಾಣುವ ಹಾಗೆ ಹರಿದು, ಅವರ ಎಲೆಯ ತುದಿಗೆ ಒಂದು ಹಿಡಿ ಸುರಿದಳು. “ಬಾಯಿ ಕಟ್ಟೂತನಕ ತಿಂಗಳಗಟ್ಲೆ ನಾನೂ ಇದನ್ನೇ ಕೂಗೇನಿ ಅಣ್ಣಾರ,” ಎಂದಳು. “ನೀವು ಮೂರ ಸಲ ಕೂಗೀರಿ, ನಾ ಬಂದೆ.”

ಚನವೀರಪ್ಪ ಅಳುತ್ತಿದ್ದ ಕೂಸನ್ನು ನೋಡಿದರು, ಎಲೆಯನ್ನು ನೋಡಿದರು. ಆಮೇಲೆ ಓಣಿಯವರೆಲ್ಲರ ಎದುರಿಗೇ ಆ ಉಪ್ಪನ್ನು ಅನ್ನಕ್ಕೆ ಕಲಸಿಕೊಂಡು ಉಂಡರು. ಅಷ್ಟು ಜೋರಾಗಿ ಕೂಗಿದ ಬಾಯಿ ಅದು, ಅದಕ್ಕೆ ಕಟ್ಟಲು ಯಾರೂ ಬಟ್ಟೆ ತರಲಿಲ್ಲ.